ಹದಿನೇಳನೆಯ ಬಿಲ್ಲೆಯ ಸುಳ್ಳು ಗಟ್ಟಿತನ

ನಾನು ಒಂದು ಲೋಹದ ಬಿಲ್ಲೆ. ಹೆಬ್ಬೆರಳಿನ ಒಂದು ಗೆಣ್ಣಿನಷ್ಟು ದಪ್ಪ, ಅಷ್ಟೇ ಎತ್ತರ. ಆತ್ಮಕಥೆ ಹೇಳುವವರು ಸಾಮಾನ್ಯವಾಗಿ ತಮ್ಮ ಸಾಧನೆ ಹೇಳಿಕೊಳ್ಳುತ್ತಾರೆ. ನನಗೂ ಒಂದು ಸಾಧನೆ ಇತ್ತು. ಅದನ್ನು ನೆನೆದರೆ ಈಗಲೂ ತಲೆ ಎತ್ತಲಾಗುವುದಿಲ್ಲ.

ನಾನು ಹುಟ್ಟಿದ್ದು ದಾವಣಗೆರೆ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ. ಹುಟ್ಟಿಸಿದವಳು ಕುಮುದಾ. ಅಲ್ಲೇ ಪಾಠ ಮಾಡಿಕೊಂಡು ಪಿಎಚ್.ಡಿ. ಮಾಡುತ್ತಿದ್ದಳು. ಕಬ್ಬಿಣದ ಪುಡಿ, ಅಲ್ಯೂಮಿನಿಯಂ ಪುಡಿ, ಜೊತೆಗೆ ಜರಡಿ ಹಿಡಿದ ಯೂರಿಯಾ, ಹೊಲಕ್ಕೆ ಹಾಕುತ್ತಾರಲ್ಲ ಅದೇ, ಮೂರನ್ನೂ ಬೆರೆಸಿ ಅಚ್ಚಿಗೆ ಸುರಿದು ಒತ್ತುತ್ತಿದ್ದಳು. ನೀರಿನಲ್ಲಿ ನೆನೆಸಿದರೆ ಯೂರಿಯಾ ಕರಗಿಹೋಗಿ, ಅದು ಕೂತಿದ್ದ ಜಾಗವೆಲ್ಲ ತೂತಾಗುತ್ತಿತ್ತು. ಆಮೇಲೆ ಕುಲುಮೆ. ಅಲ್ಲಿ ಕಬ್ಬಿಣವೂ ಅಲ್ಯೂಮಿನಿಯಮ್ಮೂ ತಮ್ಮ ತಮ್ಮ ಗುಣ ಬಿಟ್ಟು ಕೂಡಿ ಬೇರೆಯೇ ಒಂದು ವಸ್ತುವಾಗುತ್ತಿದ್ದವು. ಕಾವಿಗೆ ಜಗ್ಗುವುದಿಲ್ಲ, ಹೊಗೆಗೆ ಸವೆಯುವುದಿಲ್ಲ, ಭಾರ ಮಿತಿಮೀರಿದರೆ ಮಾತ್ರ ಬಗ್ಗದೆ ಸಿಡಿಯುತ್ತದೆ.

ಎರಕದ ಕಾರ್ಖಾನೆಗಳ ಬಿಸಿ ಹೊಗೆ ಸೋಸುವುದಕ್ಕೆ ನಮ್ಮಂಥವರು ಬೇಕಂತೆ. ತೂತು ಹೆಚ್ಚಾದರೆ ಹೊಗೆ ಸಲೀಸಾಗಿ ಹೋಗುತ್ತದೆ, ಆದರೆ ಮೈ ಬಲಹೀನವಾಗುತ್ತದೆ. ಮೂಲೆಯಿರುವ ತೂತಾದರೆ ಆ ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಹಾಗಾಗಿ ಕುಮುದಾ ಉರುಟು ಕಾಳುಗಳನ್ನೇ ಆರಿಸುತ್ತಿದ್ದಳು. ಅಕ್ಕಿ ಆರಿಸುವವರಿಗೂ ಅಷ್ಟು ತಾಳ್ಮೆ ಇರಲಿಕ್ಕಿಲ್ಲ.

ಹದಿನೇಳನೆಯದಾಗಿ ನನ್ನ ಸರದಿ ಬಂದಾಗ ಕ್ಲಾಸಿನ ಗಂಟೆ ಹೊಡೆಯಿತು. ಕಾಳಿಗೆ ಪುಡಿ ಅಂಟಿಕೊಳ್ಳಲೆಂದು ಹಾಕುವ ನಾಲ್ಕು ಹನಿ ಸ್ಪಿರಿಟ್ಟನ್ನು ಆ ಗಡಿಬಿಡಿಯಲ್ಲಿ ಮರೆತು, ಒಣಪುಡಿಯನ್ನೇ ಅಚ್ಚಿಗೆ ಸುರಿದುಬಿಟ್ಟಳು. ರಾಶಿ ಸುರಿದಾಗ ದಪ್ಪ ಕಾಳು ಉರುಳಿ ಅಂಚಿಗೆ ಹೋಗುವುದು ಕಣದಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ನನ್ನಲ್ಲೂ ಯೂರಿಯಾವೆಲ್ಲ ಸುತ್ತ ಸರಿದು, ನುಣ್ಣನೆಯ ಪುಡಿ ನಡುವೆ ನಿಂತಿತು. ತೂಗಿದರೆ ನಾನೂ ಒಡಹುಟ್ಟಿದವರಷ್ಟೇ ಹಗುರ. ಹೊರಗಿನಿಂದ ನೋಡಿದರೆ ಮೈತುಂಬ ತೂತು. ನಡುವೆ ಮಾತ್ರ ಒಂದೂ ತೂತಿಲ್ಲದ ಗಟ್ಟಿ ಕಂಬ.

ಭಾರ ಹೇರುವ ಯಂತ್ರದಲ್ಲಿ ಹದಿನಾರನೆಯವನು ತನ್ನ ಶಕ್ತಿಗೆ ತಕ್ಕಷ್ಟು ಹೊತ್ತು ಪುಡಿಯಾದ. ನಾನು ಅವನ ಮೂರು ಪಟ್ಟು ಹೊತ್ತೆ. ಆ ಹಳೆಯ ಯಂತ್ರದ ಶಕ್ತಿಯೇ ಮುಗಿಯಿತು, ನಾನು ಮುರಿಯಲಿಲ್ಲ. ಕುಮುದಾಳ ಮಾರ್ಗದರ್ಶಕರಾದ ಸದಾಶಿವಯ್ಯನವರು ಓಡಿಬಂದರು.

"ಏನಮ್ಮಾ ಇದು! ಇಷ್ಟು ತೂತಿಟ್ಕೊಂಡು ಇಷ್ಟು ಭಾರವಾ? ಇದನ್ನ ಮಾತ್ರ ಜೋಪಾನ ಮಾಡು."

ನನಗೆ ಗಾಜಿನ ಡಬ್ಬಿ ಬಂತು. ವಿಚಾರ ಸಂಕಿರಣವೊಂದರಲ್ಲಿ ನನ್ನ ದೆಸೆಯಿಂದ ಇಬ್ಬರಿಗೂ ಬಹುಮಾನ ಬಂತು. ನಾನು ಉಬ್ಬಿಹೋದೆ. ಬಾಯಿಲ್ಲದ ವಸ್ತು ತನ್ನೊಳಗಿನ ಗುಟ್ಟನ್ನು ಹೇಗೆ ಹೇಳೀತು ಎಂದು ನೀವು ಕೇಳಬಹುದು. ನಿಜ. ಆದರೆ ಬಾಯಿ ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ. ನಾಚಿಕೆಯಿರುವುದು ಅದಕ್ಕೇ.

ಯಾಕೆಂದರೆ ಮುಂದಿನ ನಾಲ್ಕು ತಿಂಗಳು ಕುಮುದಾ ನನ್ನಂಥ ಇನ್ನೊಂದನ್ನು ಮಾಡಲು ಹೆಣಗಿದಳು. ದೀಪಾವಳಿಯೊಳಗೆ ಪ್ರಬಂಧ ಒಪ್ಪಿಸಿದರೆ ಅವಳಿಗೆ ಬಡ್ತಿ, ಇಲ್ಲವಾದರೆ ಆ ಹುದ್ದೆ ಬೇರೆಯವರಿಗೆ. ನಲವತ್ತು ಬಿಲ್ಲೆ ಮಾಡಿದಳು. ಪ್ರತಿಯೊಂದಕ್ಕೂ ಸ್ಪಿರಿಟ್ ಹಾಕಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೆರೆಸಿದಳು. ಎಲ್ಲವೂ ನನ್ನ ಮೂರನೇ ಒಂದು ಪಾಲು ಹೊತ್ತು ಸಿಡಿದವು.

"ನನ್ನ ಕೈಲೇ ಏನೋ ದೋಷ ಇದೆ ಹಾಲಪ್ಪ," ಎಂದು ಲ್ಯಾಬ್ ಸಹಾಯಕನ ಮುಂದೆ ಒಂದು ದಿನ ಅತ್ತೇಬಿಟ್ಟಳು. ಆ ಪ್ರಾಮಾಣಿಕ ಬಿಲ್ಲೆಗಳನ್ನೆಲ್ಲ ನನ್ನಿಂದಾಗಿ ಕಸದ ಬುಟ್ಟಿಗೆ ಸುರಿದಳು. ನಾನು ಗಾಜಿನೊಳಗೆ ಕೂತು ನೋಡುತ್ತಿದ್ದೆ.

ಆಯುಧಪೂಜೆ ಬಂತು. ನಿವೃತ್ತಿಯ ಅಂಚಿನಲ್ಲಿದ್ದ ಹಾಲಪ್ಪ ಯಂತ್ರಗಳಿಗೆಲ್ಲ ಹೂವು ಮುಡಿಸಿ, ಇನ್ನೂ ಭಾರ ಹೇರದ ಹೊಸ ಬಿಲ್ಲೆಗಳ ಜೊತೆ ನನ್ನನ್ನೂ ಡಬ್ಬಿಯಿಂದ ತೆಗೆದು ಸಾಲಾಗಿ ಇಟ್ಟು, ಕಲಸಿದ ಕುಂಕುಮದ ನೀರನ್ನು ಎಲ್ಲರ ನೆತ್ತಿಗೂ ಒಂದೊಂದು ಹನಿ ಇಟ್ಟ. ಬೇರೆಯವರು ಗಟಗಟ ಕುಡಿದರು. ನನ್ನ ನೆತ್ತಿಯ ಮೇಲೆ ಹನಿ ಹಾಗೇ ನಿಂತಿತು.

"ಮೇಡಂ, ಬರ್ರಿ ಇಲ್ಲಿ. ನಿಮ್ ಬಹುಮಾನದ್ದು ನೀರೇ ಕುಡಿಯವಲ್ದು ನೋಡ್ರಿ!"

ಕುಮುದಾ ಬಂದಳು. ಬಾಗಿ ನೋಡಿದಳು. ಅಂಚಿಗೆ ಒಂದು ಹನಿ ನೀರು ಬಿಟ್ಟಳು, ಇಂಗಿತು. ನಡುವೆ ಬಿಟ್ಟಳು, ನಿಂತಿತು. ಅವಳ ಮುಖ ಕಪ್ಪಿಟ್ಟಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ನನ್ನನ್ನು ಸದಾಶಿವಯ್ಯನವರ ಮುಂದಿಟ್ಟು, "ಕೊಯ್ದು ಒಳಗೆ ನೋಡಬೇಕು ಸಾರ್," ಎಂದಳು.

ಅವರು ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. "ಕೊಯ್ದು ಯಾರಿಗೇನು ಲಾಭ? ದೀಪಾವಳಿಗೆ ಇನ್ನು ಮೂರು ವಾರ ಇದೆ. ಸುಮ್ನೆ ಒಪ್ಪಿಸಿಬಿಡಮ್ಮ. ಎಷ್ಟು ಕಷ್ಟಪಟ್ಟಿದ್ದೀಯ."

"ನಾಳೆ ಯಾರಾದ್ರೂ ಈ ಲೆಕ್ಕ ನಂಬ್ಕೊಂಡು ಹೊಗೆಗೊಳವೆಗೆ ಸೋಸುಬಿಲ್ಲೆ ಕೂರಿಸಿದ್ರೆ? ಅದು ಸಿಡಿದ್ರೆ ಕೆಳಗೆ ನಿಂತೋರ ಗತಿ ಏನು ಸಾರ್?"

ಮರುದಿನ ಅವಳೇ ನನ್ನನ್ನು ಗರಗಸಕ್ಕೆ ಹಿಡಿದಳು. ಇಬ್ಭಾಗವಾಗಿ ಬಿದ್ದೆ. ಹೊರಗೆ ಜಾಲರಿ, ಒಳಗೆ ಮುದ್ದೆ, ಎಲ್ಲರೂ ನೋಡಿದರು. ಕುಮುದಾ ಹಳೆಯ ನೋಟ್‌ಬುಕ್ ತೆಗೆದು ಹದಿನೇಳನೆಯ ಸಾಲಿನ ಮೇಲೆ ಬೆರಳಿಟ್ಟಳು. ಸ್ಪಿರಿಟ್ ಎಂಬ ಮಾತಿನ ಮುಂದೆ ಹಾಕಿದೆ ಎನ್ನುವ ಗುರುತು ಇರಲಿಲ್ಲ.

ಅವಳು ಬಹುಮಾನ ಹಿಂದಿರುಗಿಸಿದಳು. ಕೊನೆಯ ಅಧ್ಯಾಯ ಹೊಸದಾಗಿ ಬರೆದಳು: ತೂತು ಎಷ್ಟಿವೆ ಎಂದು ಎಣಿಸಿದರೆ ಸಾಲದು, ಎಲ್ಲಿ ಕೂತಿವೆ ಎಂಬುದನ್ನೂ ನೋಡಬೇಕು. ಪದವಿ ಒಂದು ವರ್ಷ ತಡವಾಗಿ ಬಂತು. ಹುದ್ದೆ ಅಷ್ಟರಲ್ಲಿ ಬೇರೆಯವರ ಪಾಲಾಗಿತ್ತು. ಅವಳು ಈಗಲೂ ಅದೇ ಹಳೆಯ ಕುರ್ಚಿಯಲ್ಲಿ ಕೂರುತ್ತಾಳೆ.

ನಾನು ಬೀರುವಿನ ಮೂಲೆಯಲ್ಲಿದ್ದೇನೆ, ಎರಡು ಹೋಳಾಗಿ. ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದಾಗ ಕುಮುದಾ ನನ್ನನ್ನು ಹೊರಗೆ ತೆಗೆದು, ಕೊಯ್ದ ಮೈ ಮೇಲಾಗಿ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾಳೆ. ಅವಳು ನನ್ನನ್ನು ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

"ಇದರದ್ದೇನೂ ತಪ್ಪಿಲ್ಲ," ಎನ್ನುತ್ತಾಳೆ. "ಮಾಡಿದ್ದು ನಾನು. ಹೊಗಳಿದಾಗ ಒಳಗೆ ನೋಡದೇ ಇದ್ದದ್ದೂ ನಾನೇ."

ಹುಡುಗರು ನನ್ನನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತಾರೆ. ನಾನು ಎಲ್ಲಿ ನೋಡಲಿ?