ಬಾಯಿಂದ ಕೊಕ್ಕಿಗೆ

ಊರಿನ ಕೋಳಿಗಳೆಲ್ಲ ಒಂದೇ ವಾರದಲ್ಲಿ ಗೋಣು ಚೆಲ್ಲಿ ಸತ್ತಾಗಲೂ ಇನ್ಸಾಫಳ ಬಾತುಗಳು ಗುಂಡುಕಲ್ಲಿನ ಹಾಗಿದ್ದವು. ಅವಳಿಗೆ ಅದೇ ಜಂಬ. ಬಾತು ಕೊಬ್ಬಿಸುವುದರಲ್ಲಿ ಅವಳನ್ನು ಮೀರಿಸುವವರು ಇಲ್ಲವೆಂದು ನೈಲ್ ಕಾಲುವೆಯ ಆಚೆ ದಂಡೆಯ ಹೆಂಗಸರೂ ಒಪ್ಪುತ್ತಿದ್ದರು. ನೆನೆಸಿದ ಮುಸುಕಿನಜೋಳವನ್ನು ನೀರಿನ ಸಮೇತ ಬಾಯಿಗೆ ತುಂಬಿಕೊಂಡು, ಬಾತನ್ನು ಮಂಡಿಗಳ ನಡುವೆ ಅವುಚಿ, ಅದರ ಕೊಕ್ಕನ್ನು ತನ್ನ ತುಟಿಗಿಟ್ಟು ಊದಿಬಿಡುವಳು. ಕಾಳು ಸೀದಾ ಗಂಟಲಿಗೆ. ಕೈಯಿಂದ ತುರುಕಿ ಬಾತಿನ ಗಂಟಲು ಗೀರುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಥೂ, ಅದೂ ಒಂದು ಸಾಕಣೆಯೇ ಅನ್ನುವಳು.

ಸರಕಾರದವರು ಮನೆಮನೆಗೆ ಬಂದು ಹಕ್ಕಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗುತ್ತಾರೆಂದು ಸುದ್ದಿ ಬಂದ ದಿನ, ಅವಳು ಮಾಳಿಗೆಯ ಮೇಲಿನ ಬಾತುಗಳನ್ನೆಲ್ಲ ಇಳಿಸಿ ಸೊಸೆಯ ಕೋಣೆಯ ಹಿಂದಿನ ಕತ್ತಲೆ ಉಗ್ರಾಣದಲ್ಲಿ ಕೂಡಿದಳು. ಸೊಸೆ ನಗ್ಲಾ ತುಂಬಿದ ಬಸುರಿ. ಎರಡು ಸಲ ಬಸಿರು ಇಳಿದುಹೋಗಿ ಈ ಸಲ ನಿಂತಿತ್ತು. ಬಾಣಂತಿಗೆ ಮನೆಯಲ್ಲೇ ಕೊಬ್ಬಿಸಿದ ಬಾತಿನ ಸಾರು ಸಿಗದಿದ್ದರೆ ಊರವರು ಅತ್ತೆಯ ಮುಖಕ್ಕೆ ಉಗಿಯುತ್ತಾರೆ. ಊರವರು ಹಾಳಾಗಲಿ, ತಾಯಿಯಿಲ್ಲದೆ ಬೆಳೆದ ಆ ಹುಡುಗಿ ಮೈ ತುಂಬಿಕೊಂಡು ಏಳಬೇಕೆಂದು ಇನ್ಸಾಫಳಿಗೇ ಆಸೆಯಿತ್ತು. ನಗ್ಲಾ ಮದುವೆಯಾಗಿ ಬಂದಂದಿನಿಂದ ಅತ್ತೆ ಹೇಗೆ ಹಿಟ್ಟು ನಾದುತ್ತಾಳೋ ಹಾಗೇ ನಾದಿದವಳು, ಅತ್ತೆ ಹೇಗೆ ಬೈಯುತ್ತಾಳೋ ಹಾಗೇ ಬೈದವಳು.

ಮರುದಿನ ಬಂದವಳು ಪಶುವೈದ್ಯೆ ರಿಹಾಬ್. ಅದೇ ಓಣಿಯ ಹುಡುಗಿ, ಈಗ ಪಟ್ಟಣದಲ್ಲಿ ಡಾಕ್ಟರು.

“ಹಕ್ಕಿ ಇಲ್ಲ ಅಂತೀಯಾ ದೊಡ್ಡಮ್ಮ? ನೀನು?”

“ಮಾರಿಬಿಟ್ಟೆ ಕಣೇ. ಟೀ ಕುಡಿ. ಸಕ್ಕರೆ ಇನ್ನೊಂದು ಚಮಚ ಹಾಕ್ಲಾ? ಮದುವೆ ಮಾಡಿಕೊಳ್ಳದೆ ಒಣಗಿ ಕಡ್ಡಿ ಆಗಿದ್ದೀಯ.”

ರಿಹಾಬ್ ನಕ್ಕಳು, ಮತ್ತೆ ಮುಖ ಗಂಟಿಕ್ಕಿದಳು. “ಸತ್ತ ಕೋಳಿ ಕಣ್ಣಿಗೆ ಕಾಣುತ್ತೆ, ಸುಟ್ಟು ಹಾಕ್ತೀವಿ. ನನಗೆ ಭಯ ಇರೋದು ಚೆನ್ನಾಗಿರೋ ಬಾತುಗಳದ್ದು.”

“ಚೆನ್ನಾಗಿರೋದನ್ನ ಕಂಡು ಯಾಕೆ ಭಯ?”

“ಈ ಹಕ್ಕಿಜ್ವರದ ವೈರಸ್ ತಾನಾಗಿ ಬದುಕಲಾರದು ದೊಡ್ಡಮ್ಮ. ಇನ್ನೊಂದು ಜೀವದೊಳಗೆ ಹೊಕ್ಕು, ಅದರ ಜೀವಕೋಶದ ಕೈಲೇ ತನ್ನ ಮರಿ ಮಾಡಿಸ್ಕೋಬೇಕು. ಬಾತಿನ ಮೈಗೆ ಎಷ್ಟೋ ಕಾಲದಿಂದ ಒಗ್ಗಿದೆ. ಸದ್ದಿಲ್ಲದೆ ಒಳಗೆ ಕೂತಿರುತ್ತೆ, ಎಷ್ಟೋ ಬಾತು ಸಾಯೋದೇ ಇಲ್ಲ. ಕೋಳಿ ಮೈಗೆ ಹೋದರೆ ಮಾತ್ರ ಮನೆಯನ್ನೇ ಒಡೆದು ಹಾಕುತ್ತೆ.”

“ನಮ್ಮ ಮೈಗೆ ಬಂದರೆ?”

“ನಮ್ಮ ಮೂಗು ಗಂಟಲಲ್ಲಿರೋ ಜೀವಕೋಶಕ್ಕೆ ಬೇರೆ ಬೀಗ. ಇದರ ಕೀಲಿ ಅಲ್ಲಿ ಸಲೀಸಾಗಿ ತಿರುಗಲ್ಲ. ಆದರೆ ಹಕ್ಕಿಯ ಬೀಗದಂಥದ್ದೇ ನಮ್ಮ ಶ್ವಾಸಕೋಶದ ತಳದಲ್ಲಿದೆ. ಅಷ್ಟು ಒಳಗೆ ಇಳಿದರೆ ಆಸ್ಪತ್ರೆ ಸೇರಿದವರೂ ಉಳಿಯೋದು ಕಷ್ಟ.” ಅವಳು ಲೋಟ ಕೆಳಗಿಟ್ಟಳು. “ಇನ್ನೊಂದಿದೆ. ಮರಿ ಮಾಡುವಾಗ ಅದು ತಪ್ಪು ಮಾಡುತ್ತಲೇ ಇರುತ್ತೆ. ಹೆಚ್ಚಿನವು ಕೆಲಸಕ್ಕೆ ಬಾರವು. ಯಾವುದೋ ತಪ್ಪಿನಿಂದ ಕೀಲಿ ನಮ್ಮ ಗಂಟಲಿಗೂ ಸರಿಹೋಯ್ತು ಅನ್ನು, ಆಮೇಲೆ ಅದಕ್ಕೆ ಬಾತೇ ಬೇಕಿಲ್ಲ. ಒಬ್ಬರು ಕೆಮ್ಮಿದರೆ ಸಾಕು.”

ಇನ್ಸಾಫ್ ಶಾಲಿನ ಅಂಚಿನಿಂದ ತುಟಿ ಒರೆಸಿಕೊಂಡಳು. ಬೆಳಿಗ್ಗೆಯಷ್ಟೇ ಒಂದೊಂದಾಗಿ ಎಲ್ಲ ಕೊಕ್ಕುಗಳೂ ಆ ತುಟಿಗೆ ತಗುಲಿದ್ದವು. ಹೇಳಿಬಿಡಲೇ ಎಂದುಕೊಂಡಳು. ಹೇಳಿದರೆ ಬಾತುಗಳೆಲ್ಲ ಚೀಲಕ್ಕೆ, ನಗ್ಲಾಳ ಬಾಣಂತನ ಬರೀ ಬೇಳೆಗೆ.

“ಇಲ್ಲ ಮಗಳೇ, ಒಂದೂ ಇಲ್ಲ,” ಅಂದಳು.

ಅಂದಿನಿಂದ ಬಾತುಗಳನ್ನು ಬಾಯಿಂದ ಮುಟ್ಟಲಿಲ್ಲ. ಕಾಳನ್ನು ನೆಲಕ್ಕೆ ಎರಚಿ ಬಂದುಬಿಡುವಳು. ಯಾಕೆಂದು ಸೊಸೆಗೆ ಹೇಳಲಿಲ್ಲ. ತುಂಬಿದ ಬಸುರಿಯನ್ನು ಯಾರಾದರೂ ಹೆದರಿಸುತ್ತಾರೆಯೇ? ಆದರೂ ಮೂರನೆಯ ದಿನ ಮೈ ಸುಡತೊಡಗಿತು, ಕೈಕಾಲು ಹಿಡಿದುಕೊಂಡವು. ಸೊಂಟ ಹಿಡಿದಿದೆ ಎಂದು ಸುಳ್ಳು ಹೇಳಿ, ಅಂಗಳದಾಚೆಯ ಒಲೆಮನೆಯಲ್ಲಿ ಒಬ್ಬಳೇ ಚಾಪೆ ಹಾಸಿಕೊಂಡಳು. ನಗ್ಲಾ ಬಾಗಿಲಿಗೆ ಬಂದರೆ, “ಹೋಗೇ, ಈ ಹೊಟ್ಟೆ ಹೊತ್ತುಕೊಂಡು ಅಡ್ಡಾಡಬೇಡ,” ಎಂದು ಗದರುವಳು. ಒಳಗೊಳಗೇ ಅವಳಿಗೆ ಪ್ರಾಣಭಯ. ಕೆಮ್ಮು ಬಂದರೆ ದಿಂಬು ಕಚ್ಚಿಕೊಳ್ಳುವಳು. ಉಸಿರೆಳೆದರೆ ಪಕ್ಕೆಯ ಕೆಳಗೆ ಚುಚ್ಚುತ್ತಿತ್ತು, ಆಗೆಲ್ಲ ಶ್ವಾಸಕೋಶದ ತಳದ ಆ ಬೀಗ ನೆನಪಾಗುತ್ತಿತ್ತು. ನಾನು ಸತ್ತರೆ ಸಾಯುತ್ತೇನೆ, ಹುಡುಗಿಯನ್ನಂತೂ ದೂರ ಇಟ್ಟಿದ್ದೇನೆ ಎಂಬುದೊಂದೇ ಅವಳಿಗೆ ಸಮಾಧಾನ.

ಹಾಗೆ ಮಲಗಿದ್ದಾಗಲೇ ನಗ್ಲಾಳಿಗೆ ನೋವು ಬಂದು ಹೆರಿಗೆಯಾಯಿತು. ಹೆಣ್ಣುಮಗು. ಸೂಲಗಿತ್ತಿ ಕೈ ತೊಳೆದುಕೊಂಡು ಹೋದ ಮೇಲೆ ಮಗ ಅತ್ವಾ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಲೆಮನೆಗೆ ಬಂದ. ಮನೆಯ ಹಿರಿಯರು ಖರ್ಜೂರ ಅಗಿದು, ಆ ಸಿಹಿಯನ್ನು ಕೂಸಿನ ಅಂಗುಳಕ್ಕೆ ಹಚ್ಚಬೇಕು. ಅತ್ವಾನಿಗೂ ಇದೇ ಕೈ ಹಚ್ಚಿತ್ತು.

“ಏಳಮ್ಮ, ಸೊಂಟ ಆಮೇಲೆ ನೋಡ್ಕೊಳ್ಳೋಣ. ನಿನ್ನ ಮೊಮ್ಮಗಳು ಬಾಯಿ ಕಳಕೊಂಡು ಕಾಯ್ತಿದ್ದಾಳೆ,” ಎಂದು ಖರ್ಜೂರವನ್ನು ಅವಳ ಕೈಗಿಟ್ಟ.

ಜ್ವರದ ಮಂಪರಿನಲ್ಲಿ ಅವಳು ಅದನ್ನು ಬಾಯಿಗೆ ಹಾಕಿ ಅಗಿದೇಬಿಟ್ಟಳು. ಬೆರಳಿಗೆ ತೆಗೆದೂ ಆಗಿತ್ತು. ಕೂಸು ಕೆಂಪು ವಸಡು ತೆರೆದು ಬೆರಳಿನ ಕಡೆ ಮುಖ ತಿರುಗಿಸಿತು. ಆಗ ಅವಳಿಗೆ ಬಾತುಗಳ ಕೊಕ್ಕು ನೆನಪಾಯಿತು. ಬೆರಳನ್ನು ಮಣ್ಣಿಗೆ ಒರೆಸಿ, ಹಿಂದಕ್ಕೆ ಸರಿದು ಗೋಡೆಗೆ ಒರಗಿದಳು.

“ಕೂಸನ್ನ ಆಚೆ ಒಯ್ಯಿ ಅತ್ವಾ. ನನ್ನ ಹತ್ತಿರ ತರಬೇಡ. ನನಗೆ ಸೊಂಟ ಅಲ್ಲ, ಜ್ವರ. ಬಾತಿನಿಂದ ಬಂದಿದ್ದು. ರಿಹಾಬಳಿಗೆ ಫೋನ್ ಮಾಡು, ನಾನು ಸುಳ್ಳು ಹೇಳ್ದೆ ಅನ್ನು, ಆಂಬುಲೆನ್ಸ್ ಕಳಿಸ್ಲಿ.”

ಅತ್ವಾ ಮಗುವನ್ನು ಎತ್ತಿಕೊಂಡು ಅಂಗಳಕ್ಕೆ ಹಾರಿದ. ಇನ್ಸಾಫಳಿಗೆ ಉಸಿರು ತಿರುಗಿತು. ತಪ್ಪಿಸಿದೆ, ದೇವರೇ, ತಪ್ಪಿಸಿದೆ ಎಂದುಕೊಂಡಳು. ಅಷ್ಟರಲ್ಲಿ ಅವಳಿಗೆ ಉಗ್ರಾಣದ ನೆನಪಾಯಿತು. ತಾನು ಮಲಗಿದ್ದಾಗ ಬಾತುಗಳು ಹಸಿದು ಒಮ್ಮೆಯೂ ಅರಚಿರಲಿಲ್ಲ.

“ಬಾತುಗಳಿಗೆ ಕಾಳು ಯಾರು ಹಾಕಿದ್ರು?” ಎಂದು ಕೂಗಿದಳು.

ಅಂಗಳದಾಚೆಯ ಕೋಣೆಯಿಂದ ನಗ್ಲಾಳ ದಣಿದ ದನಿ ಬಂತು. “ನಾನೇ ಅತ್ತೆ. ನೀವು ಮಲಗಿದ ದಿನದಿಂದ ತಿನ್ನಿಸ್ತಿದ್ದೀನಿ. ನೆಲಕ್ಕೆ ಎರಚಿದರೆ ಕೊಬ್ಬುತ್ತವಾ? ಥೇಟ್ ನಿಮ್ಮ ಹಾಗೇ, ಬಾಯಿಂದ.”

ಅತ್ವಾ ಮಗುವನ್ನು ಎದೆಗವಚಿಕೊಂಡು ಎರಡು ಬಾಗಿಲುಗಳ ನಡುವೆ ನಿಂತಿದ್ದ. ಮಗು ಅಳತೊಡಗಿತು.

“ಹಸಿದಿದೆ ಕೂಸು,” ಅಂದಳು ನಗ್ಲಾ. “ಇಲ್ಲಿ ಕೊಡ್ರೀ.”