ಬೇವಿನ ಮರದ ಗುರುತು

ವಕೀಲ ದಾಸಪ್ಪನವರ ಮೋಟಾರು ಚನ್ನಪಟ್ಟಣದ ಅಂಕಯ್ಯನ ಕುಲುಮೆಯ ಮುಂದೆ ಬಂದು ನಿಂತಾಗ ಅದರ ಮೂತಿ ಲಕ್ವ ಹೊಡೆದವನ ಬಾಯಿಯಂತೆ ಎಡಕ್ಕೆ ಸೊಟ್ಟಗಾಗಿತ್ತು. ಮುಂದಿನ ಬಂಪರು ಒಂದು ಕಡೆ ಜೋತುಬಿದ್ದಿತ್ತು. ಎಡಗಡೆಯ ಮಡ್‌ಗಾರ್ಡು ಒಳಕ್ಕೆ ಕುಸಿದು ಚಕ್ರಕ್ಕೆ ಉಜ್ಜುತ್ತಿತ್ತು. ಬಾನೆಟ್ಟು ಮುಚ್ಚಿದರೆ ಒಂದು ಬದಿಯಲ್ಲಿ ಬೆರಳು ತೂರುವಷ್ಟು ಸಂದು, ಇನ್ನೊಂದು ಬದಿಯಲ್ಲಿ ತಗಡಿನ ಮೇಲೆ ತಗಡು ಹತ್ತಿ ಕೂತಿತ್ತು.

ಅಂಕಯ್ಯನ ಮನೆತನಕ್ಕೊಂದು ಪದ್ಧತಿಯಿತ್ತು. ಪೆಟ್ಟು ತಿಂದ ಕಬ್ಬಿಣ ಏತಕ್ಕೆ ಬಡಿಯಿತು ಎಂಬುದನ್ನು ಅದರ ಒಡೆಯ ಸುತ್ತಿಗೆಯೇಟು ತಿನ್ನುವ ಅಡಗಲ್ಲಿನ ಮೇಲೆ ಕೈಯಿಟ್ಟು ಹೇಳಬೇಕು. ಜೀವಕ್ಕೆ ಬಡಿದದ್ದಾದರೆ, ನೊಂದವರ ಮನೆಗೆ ಹೋಗಿ ಒಪ್ಪಿಕೊಂಡು ಬಂದ ಮೇಲೆಯೇ ಅದಕ್ಕೆ ಸುತ್ತಿಗೆ. ಅಲ್ಲಿಯವರೆಗೆ ಅದು ಹೊರಗೆ ತುಕ್ಕು ಹಿಡಿಯಲಿ.

"ಏನಕ್ಕೆ ಬಡೀತು ಬುದ್ಧಿ?"

"ಬುದ್ಧಿ ಅನ್ನಬೇಡ, ಅಣ್ಣ ಅನ್ನು ಅಂತ ಎಷ್ಟು ಸಲ ಹೇಳಬೇಕಯ್ಯ ನಿನಗೆ?" ದಾಸಪ್ಪನವರು ಖಾದಿ ತೋಳನ್ನು ಮೇಲಕ್ಕೆ ಸರಿಸಿ, ಮಸಿ ಹತ್ತಿದ ಅಡಗಲ್ಲಿನ ಮೇಲೆ ಅಂಗೈ ಊರಿದರು. "ಬೈರಮಂಗಲದ ದಾರಿಯಲ್ಲಿ ಒಂದು ಬೇವಿನ ಮರ. ಸಾಕಾ?"

ಸಾಕಾಗಿತ್ತು. ಜಪಾನಿನ ಅಗ್ಗದ ರೇಷ್ಮೆ ಬಂದು ಇಲ್ಲಿನ ನೂಲು ಬಿಚ್ಚುವ ಒಲೆಗಳು ಒಂದೊಂದಾಗಿ ಆರುತ್ತಿದ್ದ ಕಾಲ ಅದು. ಚನ್ನಪಟ್ಟಣದಿಂದ ಕ್ಲೋಸ್‌ಪೇಟೆಯವರೆಗೆ ಒಲೆ ಮುಂದಿನ ಜನಕ್ಕಾಗಿ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿ ಎದ್ದು ನಿಂತು ಗುಡುಗುವ ಬಾಯಿ ದಾಸಪ್ಪನವರದೊಂದೇ. ದಿವಾನರಿಗೆ ಕೊಡಬೇಕಾದ ಅರ್ಜಿ ತಯಾರಾಗಿತ್ತು. ಅದನ್ನು ಹೊತ್ತು ಹೋಗುವ ಗಾಡಿ ಮೂತಿ ಮುರಿದುಕೊಂಡು ಹೋಗಬಾರದೆಂದು ಊರೇ ಬಯಸಿತು.

ಅಂಕಯ್ಯನಿಗೆ ಬೇರೆ ಋಣವೂ ಇತ್ತು. ಅವನ ತಂಗಿ ಯಲ್ಲಮ್ಮ ಅಂಥದೊಂದು ಒಲೆಯ ಮುಂದೆ ಕೂರುತ್ತಿದ್ದವಳು. ಹಿಂದಿನ ವಾರ ಮುಸ್ಸಂಜೆಯಲ್ಲಿ, ಹೊಂಗನೂರು ರಸ್ತೆಯ ಬಾವಿಯಿಂದ ಹಿತ್ತಾಳೆ ಬಿಂದಿಗೆಯನ್ನು ಸೊಂಟಕ್ಕಿಟ್ಟು ಬರುವಾಗ ಯಾವುದೋ ಗಾಡಿ ಅವಳಿಗೆ ಬಡಿದು ಹೊರಟುಹೋಗಿತ್ತು. ಸೊಂಟ ಮುರಿದು, ಜ್ವರವೇರಿ, ಮಾತಿಲ್ಲದೆ ಮಲಗಿದ್ದಳು. "ಲಾರಿಯೇ ಇರಬೇಕು, ಬಡವರ ಮೈಮೇಲೆ ಹರಿಯುವುದಕ್ಕೇ ಹುಟ್ಟಿದ ಗಾಡಿಗಳು," ಎಂದು ಹಲ್ಲು ಕಡಿದವರು ದಾಸಪ್ಪನವರು. ಡಾಕ್ಟರನ್ನು ಕಳಿಸಿದವರು ಅವರು. ಅವಳ ತಲೆ ಸವರಿ ಕಣ್ಣೀರು ಹಾಕಿದವರೂ ಅವರೇ. ಆ ಕಣ್ಣೀರನ್ನು ಕಂಡವನು ಬೇವಿನ ಮರವನ್ನು ಯಾಕೆ ಅನುಮಾನಿಸುತ್ತಾನೆ?

ತಗಡಿನ ಕೆಲಸಕ್ಕೆ ಅಂಕಯ್ಯ ಗೆಳೆಯ ಖಲಂದರನನ್ನು ಕರೆದ. ಖಲಂದರ್ ಬೊಂಬೆ ಕಡೆಯುವವನು. ಅರಗು, ಹಾಲೆಮರ ಎರಡೂ ಅವನ ಮಾತು ಕೇಳುತ್ತಿದ್ದವು.

"ಏನ್ ಅಂಕಣ್ಣ, ಮೋಟ್ರಿಗೆ ನನ್ ಬುಗುರಿ ಬಣ್ಣ ಹಾಕುಸ್ತೀಯಾ? ದಿವಾನ್ರು ಚಾಟಿ ಸುತ್ತಿ ಆಡುಸ್ಬುಟ್ಟಾರು!"

"ಆಡುಸ್ಲಿ ಬುಡ್ಲಾ. ಮೈಸೂರ್ಗಂಟ ಉರುಳುದ್ರೆ ಸಾಕು."

ಖಲಂದರ್ ಅರಗನ್ನು ಬೆಚ್ಚಗೆ ಮಾಡಿ ಮಡ್‌ಗಾರ್ಡಿನ ತಗ್ಗಿಗೆ ಒತ್ತಿದ. ಆರಿದ ಮೇಲೆ ಕಿತ್ತರೆ ತಗ್ಗಿನ ಪೂರ್ತಿ ಅಚ್ಚು ಕೈಗೆ ಬಂತು. ಎಲ್ಲಿ ಎಷ್ಟು ಮೇಲೆತ್ತಬೇಕೆಂದು ಇನ್ನು ಅದನ್ನೇ ನೋಡಿ ಬಡಿಯುವುದು. ಗುಂಡಗೆ ಉಬ್ಬಿದ ಅಚ್ಚು; ನಡುವೆ ಬಳೆಯಂಥ ಒಂದು ಗೀರು.

ಅವನು ಅದನ್ನು ಬೆರಳಿನಿಂದ ಸವರಿದ. "ಬೇವಿನ ಮರ ಇಷ್ಟು ನುಣ್ಣಗಿರ್ತದಾ, ಅಂಕಣ್ಣ?"

"ಗಂಟು ಗಿಂಟು ಇರ್ಬೌದು ಕಣ್ಲಾ. ಕೆಲ್ಸ ನೋಡು."

ಕೆಲಸ ನೋಡಿದರು. ಬಂಪರಿನ ಪಟ್ಟಿ ಸ್ಪ್ರಿಂಗಿನ ಉಕ್ಕು. ಬೆಂಕಿ ತೋರಿಸಿದರೆ ಹದ ಹೋಗಿ ಸತ್ತ ಹಾವಾಗುತ್ತದೆ. ಅದನ್ನು ತಣ್ಣಗಿರುವಂತೆಯೇ ಹುಣಸೆ ಮರಕ್ಕೆ ಸರಪಳಿ ಬಿಗಿದು, ಹಾರೆ ಕೊಟ್ಟು ಒಸಿ ಒಸಿಯಾಗಿ ಎಳೆದ ಅಂಕಯ್ಯ. ಎರಡು ಮುಂಚಕ್ರಗಳ ನಟ್ಟನಡುವಿನ ಗುಂಬದಿಂದ ಗುಂಬಕ್ಕೆ ರೇಷ್ಮೆ ನೂಲು ಕಟ್ಟಿ, ನೂಲಿಗೂ ಬಂಪರಿಗೂ ಎರಡೂ ತುದಿಯಲ್ಲಿ ಒಂದೇ ಅಳತೆ ಬರುವವರೆಗೆ ಬಿಡಲಿಲ್ಲ. ಮಡ್‌ಗಾರ್ಡಿನ ತಗಡನ್ನು ಮಾತ್ರ ಇದ್ದಿಲ ಶಾಖಕ್ಕೆ ಹಿಡಿದು ಮೆತ್ತಗೆ ಮಾಡಿ, ಹಾಲೆಮರದ ಕೊಡತಿಯಿಂದ ಒಳಗಿಂದ ಎತ್ತಿದರು. ಯಾವ ಬೋಲ್ಟನ್ನೂ ಒಮ್ಮೆಲೇ ಬಿಗಿಯಲಿಲ್ಲ. ಎಲ್ಲವನ್ನೂ ಸಡಿಲ ಬಿಟ್ಟು, ಕೆಳಗೆ ಚರ್ಮದ ಚೂರು ಕೊಟ್ಟು, ಖಲಂದರ್ ಕಡೆದ ಮರದ ಬೆಣೆ ಬಾನೆಟ್ಟಿನ ಸಂದಿನುದ್ದಕ್ಕೂ ತಡೆಯದೆ ಓಡಿದ ಮೇಲೆ ಬಿಗಿದರು. ಕೊನೆಗೆ ಕಪ್ಪು ಅರಗಿನ ಲೇಪ; ಅದರ ಮೇಲೆ ತಾಳೆಗರಿಯಿಂದ ತಿಕ್ಕಿದ ಹೊಳಪು.

ಕೆಲಸ ನಡೆಯುವಷ್ಟೂ ಕಾಲ ಒಲೆ ಆರಿದ ಜನ ಬಂದು ಬಂದು ನೋಡಿದರು. ಆ ತಗ್ಗಿಗೆ ಕೈಯಿಟ್ಟು ಚ್ಚುಚ್ಚು ಅನ್ನದವರೇ ಇರಲಿಲ್ಲ.

ಮೋಟಾರು ಕನ್ನಡಿಯಾದ ದಿನವೇ ಯಲ್ಲಮ್ಮನಿಗೆ ಮಾತು ಬಂತು.

"ಲಾರಿ ಅಲ್ಲ ಕಣಣ್ಣ," ಎಂದಳು. "ದಾಸಪ್ಪೋರ ಮೋಟ್ರು. ಅವ್ರೇ ಇಳ್ದು ಬಂದು ಬಗ್ಗಿ ನೋಡುದ್ರು. ‘ಅಯ್ಯೋ ತಾಯಿ’ ಅಂದ್ರು. ನೀರು ಕೇಳ್ದೆ. ಹತ್ಕಂಡು ಹೊಂಟೋದ್ರು."

ಅಂಕಯ್ಯ ಗಂಜಿಯ ಲೋಟವನ್ನು ಕೆಳಗಿಟ್ಟ.

"ನಾನು ಸುಳ್ಳೇಳ್ತಿಲ್ಲ ಅಂತ ಒಬ್ರಾದ್ರೂ ಅನ್ಲಿ. ನಂಗಿನ್ನೇನೂ ಬ್ಯಾಡ."

ಅಷ್ಟೇ ಅವಳು ಕೇಳಿದ್ದು. ಅಂಕಯ್ಯ ಪೊಲೀಸ್ ಇನ್‌ಸ್ಪೆಕ್ಟರನ್ನು ಕರೆತಂದ. ಅವನು ಮೋಟಾರಿನ ಸುತ್ತ ಒಂದು ಸುತ್ತು ಬಂದು, ಮಡ್‌ಗಾರ್ಡಿನಲ್ಲಿ ತನ್ನ ಮೀಸೆ ನೋಡಿಕೊಂಡ.

"ಒಂದು ಗೆರೆಯೂ ಇಲ್ಲವಲ್ಲಯ್ಯ?"

"ನಾನೇ ಅಲ್ವಾ ಸ್ವಾಮಿ ನೆಟ್ಟಗ್ ಮಾಡ್ದೋನು!"

"ಬೇವಿನ ಮರಕ್ಕೆ ಬಡಿಯಿತು ಅಂತ ವಕೀಲರೇ ಹೇಳುತ್ತಿದ್ದಾರೆ. ಹೆಂಗಸಿಗೆ ಬಡಿಯಿತು ಅನ್ನುವುದಕ್ಕೆ ಗುರುತು ಏನಿದೆ?"

ಪಕ್ಕದಲ್ಲೇ ನಿಂತಿದ್ದ ದಾಸಪ್ಪನವರು ನಿಟ್ಟುಸಿರಿಟ್ಟರು. "ಜ್ವರದ ಮಾತು, ಬಿಡಿ. ನಾನು ನೋಡಲು ಹೋದಾಗ ಅಂದ ‘ತಾಯಿ’ಯೇ ಅವಳ ಕನಸಿಗೆ ಬಂದಿರಬೇಕು." ಎಂಥ ವಕೀಲ! ತಾನು ಹಾಕಿದ ಕಣ್ಣೀರನ್ನೇ ತನಗೆ ಸಾಕ್ಷಿ ಮಾಡಿಕೊಂಡ.

ಗುರುತು ಇತ್ತು. ಅಂಕಯ್ಯ ಖಲಂದರನ ಮನೆಗೆ ಓಡಿದ.

ಖಲಂದರ್ ಕಡೆಯುತ್ತಿದ್ದ. ಪಕ್ಕದ ಮೊರದಲ್ಲಿ ಆಗಷ್ಟೇ ಹಸಿರು ಹಚ್ಚಿದ ಗಿಲಕಿಗಳು.

"ಆ ಅಚ್ಚು ಕೊಡ್ಲಾ. ಅದು ಬಿಂದಿಗೆ ಕಣ್ಲಾ, ನನ್ ತಂಗಿ ಬಿಂದಿಗೆ! ನಡುವಿನ ಆ ಗೀರು ಬಿಂದಿಗೆ ಬಳೆ!"

ಖಲಂದರ್ ತಲೆ ಎತ್ತಲಿಲ್ಲ. "ಕರಗ್ಸಿದೆ."

"ಏನಂದೆ?"

"ಅರಗು ಯಾರಾದ್ರೂ ಇಟ್ಕಂಡು ಪೂಜೆ ಮಾಡ್ತಾರಾ? ಕೆಲ್ಸ ಮುಗುದ್ರೆ ಕರಗ್ಸೋದೇ."

"ಖಲಂದರ್. ನನ್ ಮೊಕ ನೋಡಿ ಏಳು."

ಖಲಂದರ್ ನೋಡಲಿಲ್ಲ. ಉಳಿ ಹಿಡಿದ ಕೈ ನಿಂತಿತು. "ಯಲ್ಲಮ್ಮ ಮಾತಾಡುದ್ಲು ಅಂತ ಗೊತ್ತಾದೇಟ್ಗೆ ದಾಸಪ್ಪೋರು ಬಂದಿದ್ರು. ಅರ್ಜಿ ಒಂದು ದಿವಾನ್ರ ಕೈ ಸೇರ್ಲಿ, ಆಮ್ಯಾಕೆ ಯಲ್ಲಮ್ಮನ್ನ ನಾನೇ ನೋಡ್ಕತೀನಿ ಅಂದ್ರು. ನಮ್ ಕರೀಮುನ್ನೀಸಾ ಒಲೆ ಆರಿ ಕೂತವ್ಳೆ ಅಂಕಣ್ಣ. ಈ ಮನುಷ್ಯ ಜೈಲಿಗೋದ್ರೆ ನಮ್ ಪರ ಬಾಯಿ ತಗ್ಯೋರ್ ಯಾರು? ಒಬ್ಳ ಸೊಂಟಕ್ಕೆ ಊರೆಲ್ಲಾ ಉಪಾಸ ಬೀಳೋದಾ?"

ಅಂಕಯ್ಯ ಮೊರದಿಂದ ಒಂದು ಗಿಲಕಿಯನ್ನೆತ್ತಿ ಅಲ್ಲಾಡಿಸಿದ. ಒಳಗಿನ ಕಾಳು ಗಲಗಲ ಎಂದವು.

"ನನ್ ತಂಗಿ ಸೊಂಟನ ಗಿಲಕಿ ಮಾಡ್ಬುಟ್ಯಲ್ಲೋ."

ಮರುದಿನ ಬೆಳಗ್ಗೆ ಮೋಟಾರಿಗೆ ಸೇವಂತಿಗೆ ಹಾರ ಹಾಕಿ ಮೈಸೂರಿಗೆ ಬೀಳ್ಕೊಡಲು ಜನ ಸೇರಿದರು. ದಾಸಪ್ಪನವರು ಅರ್ಜಿಯ ಸುರುಳಿಯನ್ನು ಎದೆಗೊತ್ತಿ ನಿಂತಿದ್ದರು. ಅಂಕಯ್ಯ ಬಂದ. ಅವನ ತೋಳಿನಲ್ಲಿ ಯಲ್ಲಮ್ಮನ ಹಿತ್ತಾಳೆ ಬಿಂದಿಗೆ ಇತ್ತು. ಒಂದು ಮಗ್ಗುಲು ಜಜ್ಜಿತ್ತು.

"ಬಾ ಅಂಕಯ್ಯ, ನಿನ್ನ ಕೈ ಕೆಲಸಕ್ಕೆ ನೀನೇ ಒಂದು ಹಾರ ಹಾಕು," ಎಂದರು ದಾಸಪ್ಪನವರು.

"ಹಾಕ್ತೀನಿ ಬುದ್ಧಿ."

ಬಿಂದಿಗೆಯ ಕಂಠವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆತ್ತಿ, ಜಜ್ಜದ ಮಗ್ಗುಲನ್ನು ಎಡಗಡೆಯ ಮಡ್‌ಗಾರ್ಡಿನ ಮೇಲೆ ಅಪ್ಪಳಿಸಿದ. ಶಾಖ ಉಂಡು ಮೆತ್ತಗಾಗಿದ್ದ ತಗಡು ಒಂದೇ ಪೆಟ್ಟಿಗೆ ಕುಸಿಯಿತು. ಕಪ್ಪು ಅರಗು ಚೂರುಚೂರಾಗಿ ಸಿಡಿಯಿತು. ಅವನು ಬಿಂದಿಗೆಯನ್ನು ತೆಗೆದ. ಗುಂಡನೆಯ ತಗ್ಗು, ನಡುವೆ ಬಳೆಯಂಥ ಗೀರು.

"ನೋಡ್ರಪ್ಪಾ! ನೀವೆಲ್ಲಾ ಕೈ ಇಟ್ಟು ನೋಡಿದ ತಗ್ಗು ಇದೇ ತಾನೆ? ಈಗ್ಲೂ ಕೈ ಇಡಿ! ಇದು ಬೇವಾ, ಬಿಂದಿಗೆಯಾ? ನನ್ ತಂಗಿ ಸುಳ್ಳೇಳಿಲ್ಲ ಅಂತ ಒಬ್ರು, ಒಬ್ರಾದ್ರೂ ಅನ್ರೋ!"

ಕರೀಮುನ್ನೀಸಾ ಮುಂದೆ ಬಂದಳು. ಖಲಂದರನ ಹೆಂಡತಿ, ಯಲ್ಲಮ್ಮನ ಪಕ್ಕದ ಒಲೆಯವಳು. ತಗ್ಗಿನೊಳಗೆ ಅಂಗೈ ಇಟ್ಟಳು. ಬೆಂಕಿ ಮುಟ್ಟಿದವಳಂತೆ ಕಿತ್ತುಕೊಂಡಳು. ಅವಳ ಬಾಯಿ ತೆರೆಯಿತು. ಗಂಡನ ಮುಖ ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಎಲ್ಲರಿಗೂ ಗೊತ್ತಾಯಿತು. ಅವರಿಗೆ ಗೊತ್ತಾಗಲಿಲ್ಲ ಎಂದು ಯಾರೂ ನನಗೆ ಹೇಳಬೇಡಿ. ಗೊತ್ತಾದದ್ದರಿಂದಲೇ ಅಷ್ಟು ಜೋರಾಗಿ ಮೇಲೆ ಬಿದ್ದು ಅವನನ್ನು ಹಿಡಿದರು. "ಅರ್ಜಿ ಹೋಗ್ಲಿ ಬುಡಣ್ಣ, ಅರ್ಜಿ ಹೋಗ್ಲಿ!" ಅವನ ರಟ್ಟೆಯನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದಿದ್ದ ಬೆರಳುಗಳ ಉಗುರಿನಲ್ಲಿ ಹಸಿರು ಅರಗಿತ್ತು.

"ಬಿಡಿ, ಅವನಿಗೆ ನೋವು ಮಾಡಬೇಡಿ," ಎಂದು ದಾಸಪ್ಪನವರು ಗದ್ಗದರಾದರು. "ತಂಗಿಯ ಸಂಕಟ ಅವನಿಂದ ಹೀಗೆ ಮಾಡಿಸಿದೆ. ನಾನು ಅವನನ್ನು ಕ್ಷಮಿಸಿದ್ದೇನೆ."

ಜನ ಜೈ ಎಂದಿತು. ಖಲಂದರ್ ಅಂಕಯ್ಯನ ರಟ್ಟೆ ಬಿಟ್ಟು ಮೋಟಾರಿನ ಹತ್ತಿರ ಹೋದ. ಬಾನೆಟ್ಟಿನ ಮೇಲಿದ್ದ ಹಾರವನ್ನು ಎಡಕ್ಕೆ ಸರಿಸಿ, ಆ ತಗ್ಗಿನ ಮೇಲೆ ಬರುವಂತೆ ಇಳಿಬಿಟ್ಟ. ಗಾಳಿಗೆ ಜಾರದ ಹಾಗೆ ದೀಪದ ಕಂಬಿಗೆ ಗಂಟು ಹಾಕಿದ.

ಮೋಟಾರು ಹೊರಟಿತು. ಅದರ ಬಂಪರು ನೂಲು ಹಿಡಿದಂತೆ ನೆಟ್ಟಗಿತ್ತು.