ತುಟಿಗೆ ಕೂತ ಮಾತು

ಸಿನಿಮಾ ಶುರುವಾಗಿ ಎಷ್ಟೋ ಹೊತ್ತಾಗಿದ್ದರೂ ಮುನಿವೆಂಕಟಮ್ಮನವರ ಪ್ರಶ್ನೆ ಒಂದೇ: "ನೀನೆಲ್ಲಮ್ಮೀ ಇದ್ದೀಯ?"

"ನಾನು ಕಾಣಿಸಲ್ಲ ಅತ್ತೆ. ಆ ಬಿಳಿ ಹೆಂಗಸು ಮಾತಾಡ್ತಾಳಲ್ಲ, ಆ ದನಿ ನಂದು," ಎಂದಳು ಶಾಂತಲಾ, ಹಲ್ಲು ಕಚ್ಚಿಕೊಂಡು.

"ಅದು ನಿನ್ ಗಂಟ್ಲಲ್ಲ ಬುಡು."

ಇಷ್ಟು ವರ್ಷ ಡಬ್ಬಿಂಗ್‌ನಲ್ಲಿ ಶಾಂತಲಾಗೆ ಸಿಕ್ಕಿದ್ದೆಲ್ಲ ಗುಂಪಿನಲ್ಲಿ ಗೋವಿಂದ: ಸಂತೆಯ ಗಲಾಟೆ, ಸಾವಿನ ಮನೆಯ ಅಳು. ಸ್ಟುಡಿಯೋಗೆ ಹೋಗಿ ಕಿರುಚಿ ಬರುವುದೂ ಒಂದು ಕೆಲಸವೇ ಎಂದು ಅತ್ತೆ ಮೂಗು ಮುರಿಯುತ್ತಿದ್ದರು. ಈಗ ಮೊದಲ ಸಲ ನಾಯಕಿಯ ಕಂಠ. ಅತ್ತೆಯ ಬಾಯಿಂದ ಒಂದು ಶಭಾಷ್ ಹೊರಡಿಸಲೇಬೇಕೆಂದು ಅವರನ್ನು ಕೊಡಿಗೇಹಳ್ಳಿಯ ಚರ್ಚಿನ ಹಾಲ್‌ಗೆ ಕರೆತಂದಿದ್ದಳು.

ಆದರೆ ಆ ದರಿದ್ರ ಸಿನಿಮಾ! ಅಮೆರಿಕದ ಕುದುರೆ, ಟೋಪಿ, ಬಂದೂಕಿನ ಕ್ರೈಸ್ತ ಭಕ್ತಿ ಚಿತ್ರ ಎಂದಿದ್ದರು; ಸ್ಟುಡಿಯೋದಲ್ಲಿ ಅವಳು ನೋಡಿದ್ದು ತನ್ನ ಮಾತಿನ ತುಣುಕುಗಳನ್ನಷ್ಟೇ. ಇದ್ದದ್ದು ಒಂದೇ ಕುದುರೆ; ಕಳ್ಳನೂ ಅದರ ಮೇಲೇ, ಪೊಲೀಸನೂ ಅದರ ಮೇಲೇ. ಗುಂಡು ಹಾರಿಸುವ ಹೊತ್ತಿಗೆ ಸರಿಯಾಗಿ ನಾಯಕ ಬಂದೂಕು ಕೆಳಗಿಟ್ಟು ಉಪದೇಶಕ್ಕೆ ನಿಲ್ಲುತ್ತಿದ್ದ. ಭಕ್ತರೇ ಆಕಳಿಸುತ್ತಿದ್ದರು. ಚರ್ಚ್ ನಡೆಸುವ ಸಭಾಪಾಲಕರೂ ಮೊಬೈಲ್ ನೋಡುತ್ತಿದ್ದರು. ಇಂಥದ್ದಕ್ಕೆ ಗಂಟಲು ಹರಿದುಕೊಂಡೆನಲ್ಲ ಎಂದು ಶಾಂತಲಾಗೆ ಮೈಯೆಲ್ಲ ಉರಿಯಿತು.

ಇನ್ನು ಉಳಿದ ಆಸೆ ನಾಯಕ ಸಾಯುವ ದೃಶ್ಯವೊಂದೇ. ಅದಕ್ಕಾಗಿ ಸಂಜಯನಗರದ ಸ್ಟುಡಿಯೋದಲ್ಲಿ ಇಡೀ ಮಧ್ಯಾಹ್ನ ಒದ್ದಾಡಿದ್ದಳು. ನಾಯಕಿ ಆಕಾಶ ನೋಡಿ "ಅಯ್ಯೋ ಕರ್ತನೇ!" ಎನ್ನಬೇಕು. ದೇವರನ್ನು ಹಾಗೆ ಕರೆದು ಅಭ್ಯಾಸವಿಲ್ಲದ ನಾಲಿಗೆ ಅವಳದು. ಎಷ್ಟು ಸಲ ಹೇಳಿದರೂ ಪರದೆಯ ತುಟಿಯಾಟಕ್ಕೆ ದನಿ ಹೊಂದಿಸಿ ರೆಕಾರ್ಡ್ ಮಾಡುವ ಮಹೇಂದ್ರ, "ತುಟಿಗೆ ಕೂರ್ತಿಲ್ಲ ಮೇಡಂ, ಒನ್ ಮೋರ್," ಎನ್ನುತ್ತಿದ್ದ. ಕೊನೆಗೆ ಇದ್ದಕ್ಕಿದ್ದಂತೆ, "ಸೂಪರ್! ಕೂತ್ಬಿಡ್ತು!" ಎಂದಿದ್ದ. ಯಾವ ಸಲದ್ದು ಕೂತಿತೆಂದು ಅವಳು ಕೇಳಲಿಲ್ಲ, ಬಿಟ್ಟರೆ ಸಾಕಾಗಿತ್ತು.

ಪರದೆಯ ಮೇಲೆ ನಾಯಕ ಕಣ್ಣು ಮುಚ್ಚಿದ. ನಾಯಕಿ ಮಂಡಿಯೂರಿ ಆಕಾಶಕ್ಕೆ ಮುಖವೆತ್ತಿದಳು.

"ಅಯ್ಯೋ ಕರ್ಮವೇ!"

ಹಿಂದಿನ ಬೆಂಚಿನಿಂದ ಎದ್ದ ನಗು ಸಭಾಪಾಲಕರ ತನಕ ಬಂತು. ರಿಟೇಕಿನ ಕಾಟ ತಾಳಲಾರದೆ ಮೈಕಿನ ಮುಂದೆಯೇ ಹಣೆ ಚಚ್ಚಿಕೊಂಡು ತಾನು ಅಂದದ್ದನ್ನು, ತುಟಿ ನೋಡುವ ಭರದಲ್ಲಿ ಆ ಮಹೇಂದ್ರ ಹಾಗೇ ಇಟ್ಟುಬಿಟ್ಟಿದ್ದಾನೆ! ಶಾಂತಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇನ್ನು ತನ್ನನ್ನು ಗುಂಪಿನಲ್ಲಿ ಅಳುವುದಕ್ಕೂ ಯಾರೂ ಕರೆಯುವುದಿಲ್ಲ.

ಮುನಿವೆಂಕಟಮ್ಮ ಮಾತ್ರ ಎದ್ದೇ ನಿಂತರು. ಖುಷಿಗೆ ಸೊಸೆಯ ಭುಜ ಹಿಡಿದು ಅಲ್ಲಾಡಿಸುತ್ತಾ, ಹಾಲಿಗೆಲ್ಲ ಕೇಳುವಂತೆ ಕೂಗಿದರು:

"ಅದು ನೀನೇ! ನಾನು ಕರ್ದಾಗ್ಲೆಲ್ಲ ಅಡಿಗೆಮನೇಲಿ ಇಂಗೇ ಅಲ್ವೇನಮ್ಮೀ ನೀನು ಅನ್ನೋದು!"